ಎತ್ತರ ಇದೆ ಅಂತ ಮಗಳನ್ನು ರಿಂಗ್ ಕೆಳಗೇ ನಿಲ್ಲಿಸಿದರು, ಕಾಲೇಜು ಟ್ರಯಲ್‌ನಲ್ಲಿ ಪಜೀತಿ ಆಯಿತು

ಸರಸ್ವತಿಪುರಂ_ಅಮ್ಮ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ ಏನಾದರೂ ದಾರಿ ಹೇಳಿ.

ಮಗಳಿಗೆ ಹದಿನೈದು ತುಂಬಿದೆ, ಎಸ್ಸೆಸ್ಸೆಲ್ಸಿ. ಐದನೇ ಕ್ಲಾಸಿನಿಂದ ಮೈಸೂರಿನ ಒಂದು ಕ್ಲಬ್ಬಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಾಳೆ. ಏಳನೇ ಕ್ಲಾಸ್ ಮುಗಿಯುವ ಹೊತ್ತಿಗೆ ಐದಡಿ ಏಳಿಂಚು ಆಗಿಬಿಟ್ಟಳು. ಅವತ್ತಿನಿಂದ ಅವಳು ಸೆಂಟರ್. ರಿಂಗ್ ಕೆಳಗೆ ನಿಲ್ಲು, ಕೈ ಮೇಲೆತ್ತು, ಚೆಂಡು ಬಂದರೆ ಹಾಕು. ಡ್ರಿಬಲ್ ಮಾಡಲು, ಅಂದರೆ ಚೆಂಡು ಬಡಿಯುತ್ತಾ ಮುಂದೆ ಹೋಗಲು, ನೋಡಿದರೆ ಪಕ್ಕದಿಂದ ಕೂಗು, "ಗಾರ್ಡ್‌ಗೆ ಕೊಡು, ಗಾರ್ಡ್‌ಗೆ ಕೊಡು!" ಗಾರ್ಡ್ ಅಂದರೆ ಹೊರಗಿನಿಂದ ಚೆಂಡು ತರುವವಳು. ಕ್ಲಬ್ ಗೆದ್ದಿದ್ದೇ ಗೆದ್ದಿದ್ದು. ಮನೆಯ ಶೋಕೇಸಿನಲ್ಲಿ ಜಾಗ ಇಲ್ಲ, ಟ್ರೋಫಿಗಳು ಫ್ರಿಜ್ ಮೇಲೆ ಕೂತಿವೆ.

ಕಳೆದ ತಿಂಗಳು ಬೆಂಗಳೂರಿನ ಒಂದು ಪಿಯು ಕಾಲೇಜಿನವರು ಟ್ರಯಲ್‌ಗೆ ಕರೆದರು. ಸೆಲೆಕ್ಟ್ ಆದರೆ ಫೀಸು ಇಲ್ಲ, ಹಾಸ್ಟೆಲ್ಲೂ ಅವರದೇ. ಅದೇ ಸಂಸ್ಥೆಗೆ ಡಿಗ್ರಿ ಕಾಲೇಜೂ ಇದೆ, ಚೆನ್ನಾಗಿ ಆಡಿದರೆ ಅಲ್ಲೇ ಮುಂದುವರಿಯಬಹುದು. ಅಲ್ಲಿನ ಕೋಚ್ ಇವಳನ್ನು ಗೋಡೆಗೆ ನಿಲ್ಲಿಸಿ ಅಳೆದರು. ಐದಡಿ ಎಂಟು. ಎರಡು ವರ್ಷದಲ್ಲಿ ಬೆಳೆದದ್ದು ಒಂದೇ ಇಂಚು. "ನಮ್ಮಲ್ಲಿ ಈ ಎತ್ತರದವರು ಚೆಂಡು ತರುತ್ತಾರಮ್ಮ, ಕೆಳಗೆ ನಿಲ್ಲುವವರು ಆರಡಿ" ಅಂದರು. ಚೆಂಡು ಕೊಟ್ಟು, ಎದುರಿಗೆ ಒಬ್ಬ ಹುಡುಗಿಯನ್ನು ಬಿಟ್ಟು, ಆ ಕಡೆ ತನಕ ತಗೊಂಡು ಬಾ ಅಂದರು. ಆರು ಸಲದಲ್ಲಿ ನಾಲ್ಕು ಸಲ ಚೆಂಡು ಹೋಯಿತು. ಎಡಗೈ ಅವಳಿಗೆ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು.

ವಾಪಸ್ ಬರುವಾಗ ರೈಲಿನಲ್ಲಿ ಒಂದು ಮಾತಿಲ್ಲ. ಮದ್ದೂರಿನಲ್ಲಿ ವಡೆ ಕೊಡಿಸುತ್ತೇನೆ ಅಂದರೂ ಬೇಡ ಅಂದಳು. ಆಗ ನನಗೆ ನಿಜವಾಗಿ ಭಯ ಆಯಿತು.

ಈಗ ಪ್ರಶ್ನೆ. ಕ್ಲಬ್ ಬದಲಾಯಿಸಬೇಕಾ? ಕೋಚ್ ಕೆಟ್ಟವರಲ್ಲ. ಐದು ವರ್ಷ ಮಗಳ ಹಾಗೆ ನೋಡಿಕೊಂಡಿದ್ದಾರೆ. ಆದರೆ ಅವರು ತಯಾರು ಮಾಡಿದ್ದು ಯಾರಿಗೆ, ಮಗಳಿಗಾ ಕ್ಲಬ್ಬಿಗಾ?

ಮಂಡ್ಯದ_ಹಳೇ_ಗಾರ್ಡ್
ಮದ್ದೂರು ವಡೆ ಬೇಡ ಅಂದಳಾ? ಹಾಗಾದರೆ ವಿಷಯ ಸೀರಿಯಸ್ಸೇ ಬಿಡಿ.

ತಮಾಷೆ ಅಲ್ಲ ಅಕ್ಕ, ನಿಮ್ಮ ಮಗಳ ಕಥೆ ಹೊಸದೇನಲ್ಲ. ನಮ್ಮ ಬ್ಯಾಚಿನಲ್ಲಿ ಒಬ್ಬ ಇದ್ದ. ಹದಿಮೂರಕ್ಕೇ ಮೀಸೆ, ಆರಡಿ. ಸಬ್ ಜೂನಿಯರ್‌ನಲ್ಲಿ ಅವನೇ ಹೀರೋ. ನಾನು ಕುಳ್ಳ, ಅವನಿಗೆ ಪಾಸ್ ಕೊಡುವುದೇ ಕೆಲಸ. ಇಪ್ಪತ್ತಾಗುವ ಹೊತ್ತಿಗೆ ಅವನು ಆರಡಿಯಲ್ಲೇ ನಿಂತಿದ್ದ, ಮಿಕ್ಕವರು ಆರಡಿ ಮೂರು, ಆರಡಿ ನಾಲ್ಕು. ಅವನಿಗೆ ಡ್ರಿಬಲ್ ಬರುತ್ತಿರಲಿಲ್ಲ, ಹೊರಗಿನಿಂದ ಶೂಟ್ ಬರುತ್ತಿರಲಿಲ್ಲ. ಯೂನಿವರ್ಸಿಟಿ ಕ್ಯಾಂಪಿನಿಂದ ಎರಡನೇ ದಿನವೇ ಮನೆಗೆ ಬಂದ. ನಾನು ಮೂರು ವರ್ಷ ಯೂನಿವರ್ಸಿಟಿಗೆ ಆಡಿದೆ. ನಾನೇನು ದೊಡ್ಡ ಆಟಗಾರ ಅಲ್ಲ. ಕುಳ್ಳನಾಗಿದ್ದಕ್ಕೆ ಚೆಂಡು ನನ್ನ ಕೈಲಿತ್ತು, ಅಷ್ಟೇ.

ಪಿಟಿ_ಮೇಷ್ಟ್ರು
ಹುಡುಗಿಯರು ಹದಿನಾಲ್ಕು ಹದಿನೈದಕ್ಕೆ ಹೆಚ್ಚುಕಡಿಮೆ ಪೂರ್ತಿ ಬೆಳೆದುಬಿಡುತ್ತಾರೆ. ಹುಡುಗರು ಹದಿನೇಳು ಹದಿನೆಂಟರ ತನಕ. ಇದು ಪ್ರತಿ ಕೋಚಿಗೂ ಗೊತ್ತು. ಏಳನೇ ಕ್ಲಾಸಿನಲ್ಲಿ ಎತ್ತರ ಇದ್ದವಳು ಮೊದಲು ಬೆಳೆದವಳು. ಕೊನೆಗೂ ಅವಳೇ ಎತ್ತರ ಇರುತ್ತಾಳೆ ಅಂತೇನೂ ಇಲ್ಲ. ತಾಯಿ ತಂದೆ ಎತ್ತರ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ನೋಡುವ ಪುರುಸೊತ್ತು ಯಾರಿಗಿದೆ? ಭಾನುವಾರ ಮ್ಯಾಚ್ ಇದೆಯಲ್ಲ.

ಕೋರ್ಟ್_ಕಸ_ಗುಡಿಸಿದವ
ನಾನೊಬ್ಬ ಕ್ಲಬ್ ಕೋಚ್. ಊರು ಹೇಳಲ್ಲ. ಎಲ್ಲರೂ ಕೋಚ್ ತಲೆಗೇ ಕಟ್ಟುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಐದೂವರೆಗೆ ಬಂದು ಕೋರ್ಟ್ ಗುಡಿಸುವವನು ನಾನು. ಮಳೆ ಬಂದರೆ ವೈಪರ್ ಹಿಡಿಯುವವನೂ ನಾನು. ತಿಂಗಳ ಫೀಸಿನಲ್ಲಿ ಲೈಟ್ ಬಿಲ್, ಚೆಂಡು, ನೆಟ್, ಟೂರ್ನಿ ಎಂಟ್ರಿ ಎಲ್ಲ ಆಗಬೇಕು. ಎತ್ತರದ ಮಗುವನ್ನು ನಾನು ಗಾರ್ಡ್ ಆಡಿಸಿದ್ದೇನೆ. ಆಡಿಸಿ ಎರಡು ಟೂರ್ನಿ ಸೋತೆ. ಏನಾಯಿತು ಗೊತ್ತಾ? ಆರು ಮಕ್ಕಳ ಅಪ್ಪಂದಿರು ಮಕ್ಕಳನ್ನು ಬಿಡಿಸಿ ಗೆಲ್ಲುವ ಕ್ಲಬ್ಬಿಗೆ ಸೇರಿಸಿದರು. ಆ ಎತ್ತರದ ಹುಡುಗಿಯ ಅಪ್ಪನೂ ಅದರಲ್ಲಿ ಒಬ್ಬರು! ಕೇಳಿದರೆ, "ಸರ್, ಸರ್ಟಿಫಿಕೇಟ್ ಬೇಕಲ್ಲ."

ಮೇಡಂ, ನಿಮ್ಮ ಫ್ರಿಜ್ ಮೇಲಿನ ಟ್ರೋಫಿ ನೋಡಿ ನಾಲ್ಕು ವರ್ಷ ನೀವೂ ಖುಷಿಪಟ್ಟಿರಿ ತಾನೇ?

ಸರಸ್ವತಿಪುರಂ_ಅಮ್ಮ
ಪಟ್ಟೆ ಸರ್. ಸುಳ್ಳು ಯಾಕೆ ಹೇಳಲಿ. ಸ್ಟೇಟಸ್ಸಿಗೂ ಹಾಕಿದ್ದೆ.

ಓದು_ಮೊದಲು
ಇದಕ್ಕೇ ಹೇಳುವುದು, ಎಸ್ಸೆಸ್ಸೆಲ್ಸಿ ವರ್ಷ ಚೆಂಡು ಬಡಿಯುವುದು ಬಿಟ್ಟು ಓದಿಸಿ ಅಂತ. ನೂರರಲ್ಲಿ ಒಬ್ಬರಿಗೆ ಸೀಟು. ಮಿಕ್ಕ ತೊಂಬತ್ತೊಂಬತ್ತು ಜನ ಏನು ಮಾಡಬೇಕು?

ಮಂಡ್ಯದ_ಹಳೇ_ಗಾರ್ಡ್
ತೊಂಬತ್ತೊಂಬತ್ತು ಜನ ಆರೋಗ್ಯವಾಗಿರುತ್ತಾರೆ ಗುರು.

ವಿಟಿಯು_ಬೆಂಚು_ನಂ_12
ನಾನು ಈಗ ಎಂಜಿನಿಯರಿಂಗ್ ಮೂರನೇ ವರ್ಷ, ಆಡುತ್ತಿದ್ದೇನೆ. ಒಂದು ಲೆಕ್ಕ ಹೇಳುತ್ತೇನೆ, ಇದನ್ನು ಯಾವ ಕ್ಲಬ್ಬಿನಲ್ಲೂ ಹೇಳಿಕೊಡಲ್ಲ.

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ಯೂನಿವರ್ಸಿಟಿ) ಅಡಿಯಲ್ಲಿ ಇನ್ನೂರಕ್ಕೂ ಹೆಚ್ಚು ಕಾಲೇಜು. ಎಲ್ಲ ಸೇರಿ ಒಂದು ಯೂನಿವರ್ಸಿಟಿ ತಂಡ, ಅದರಲ್ಲಿ ಹನ್ನೆರಡು ಜನ. ಕಾಲೇಜು ತಂಡದಲ್ಲಿ ನೀವು ರಾಜ ಆಗಿದ್ದರೂ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಟೂರ್ನಿ ಆಡಬೇಕಾದರೆ ಆ ಹನ್ನೆರಡರಲ್ಲಿ ಇರಬೇಕು. ಜೈನ್, ಕ್ರೈಸ್ಟ್ ಥರದವು ತಾವೇ ಯೂನಿವರ್ಸಿಟಿ. ಅಲ್ಲಿ ತಂಡಕ್ಕೆ ಸೇರಿದರೆ ಅದೇ ಯೂನಿವರ್ಸಿಟಿ ತಂಡ, ನೇರ ವಲಯ ಟೂರ್ನಿ. ಅದಕ್ಕೇ ಒಳ್ಳೆಯ ಆಟಗಾರರು ಆ ಕಡೆ ಹೋಗುತ್ತಾರೆ. 2022ರಲ್ಲಿ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ಬೆಂಗಳೂರಿನಲ್ಲೇ ಆಯಿತಲ್ಲ, ಎಲ್ಲ ಆಟ ಸೇರಿ 20 ಚಿನ್ನ ಹೊಡೆದು ಜೈನ್ ಮೊದಲ ಸ್ಥಾನಕ್ಕೆ ಬಂತು. ಸುಮ್ನೆ ಬಂತಾ? ಹುಡುಕಿ ಹುಡುಕಿ ಸೇರಿಸಿಕೊಂಡಿರುತ್ತಾರೆ.

ಹಾಗಾಗಿ "ಕಾಲೇಜು ತಂಡಕ್ಕೆ ತಯಾರಿ" ಅಂದರೆ ಯಾವ ಕಾಲೇಜು ಅಂತ ಮೊದಲು ಕೇಳಿಕೊಳ್ಳಿ. ಎರಡೂ ಬೇರೆ ಬೇರೆ ದಾರಿ.

ಓದು_ಮೊದಲು
ನಂಬರ್ 12, ಅಟೆಂಡೆನ್ಸ್ ಎಷ್ಟಿದೆ?

ವಿಟಿಯು_ಬೆಂಚು_ನಂ_12
ಅದು ಬಿಡಿ ಸರ್.

ಪಿಟಿ_ಮೇಷ್ಟ್ರು
ಹುಡುಗ ಹೇಳಿದ್ದು ಸರಿ. ಇನ್ನೊಂದು ಮಾತು ಸೇರಿಸುತ್ತೇನೆ. ಯೂನಿವರ್ಸಿಟಿಗಳು ಧರ್ಮಕ್ಕೆ ಸೀಟು ಕೊಡಲ್ಲ. ಯೂನಿವರ್ಸಿಟಿ ಮಟ್ಟದ ಆಟಗಳಲ್ಲಿ ಒಟ್ಟಾರೆ ಮುಂದಿರುವ ಯೂನಿವರ್ಸಿಟಿಗೆ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ ಕೊಡುತ್ತಾರೆ, 'ಮಾಕಾ' ಅಂತ ಎಲ್ಲರೂ ಕರೆಯುವುದು. ಅದರ ಮೇಲೆ ಕಣ್ಣಿಟ್ಟವರು ಹುಡುಕುವುದು ನಾಳೆ ಬೆಳಿಗ್ಗೆ ಆಡಬಲ್ಲವರನ್ನು, ಎರಡು ವರ್ಷ ಕಲಿಸಬೇಕಾದವರನ್ನಲ್ಲ. ಕ್ಲಬ್ ಕಲಿಸದೇ ಬಿಟ್ಟದ್ದನ್ನು ಕಾಲೇಜು ಕಲಿಸುತ್ತದೆ ಅಂದುಕೊಂಡರೆ ಅದು ತಪ್ಪು. ಅಲ್ಲಿ ಟೈಮ್ ಇಲ್ಲ.

ಸರ್ಟಿಫಿಕೇಟ್ ಮಾತು ಬಂತು. ತುಂಬಾ ಜನ ಕ್ಲಬ್ ಟೂರ್ನಿಯ ಸರ್ಟಿಫಿಕೇಟನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟಿರುತ್ತಾರೆ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ಕೆಲಸಕ್ಕೆ ಬೇರೆ ಬೇರೆ ಸರ್ಟಿಫಿಕೇಟ್ ಫಾರ್ಮ್ ಇದೆ. ಫಾರ್ಮ್ 1 ದೇಶಕ್ಕೆ ಆಡಿದವರಿಗೆ. ಫಾರ್ಮ್ 2 ರಾಜ್ಯದ ಪರವಾಗಿ ರಾಷ್ಟ್ರೀಯ ಟೂರ್ನಿ ಆಡಿದವರಿಗೆ. ಫಾರ್ಮ್ 3 ಅಂತರ ವಿಶ್ವವಿದ್ಯಾಲಯ. ಫಾರ್ಮ್ 4 ಶಾಲಾ ರಾಷ್ಟ್ರೀಯ. ಕ್ಲಬ್ ಕಪ್ಪಿಗೆ ಫಾರ್ಮ್ ಇಲ್ಲ! ಫ್ರಿಜ್ಜೇ ಗತಿ. ಸಿಇಟಿ ಕ್ರೀಡಾ ಕೋಟಾದ ನಿಯಮ ಬೇರೆ, ಅದನ್ನು ಆಯಾ ವರ್ಷದ ಕೆಇಎ (ಪರೀಕ್ಷಾ ಪ್ರಾಧಿಕಾರ) ಪುಸ್ತಿಕೆಯಲ್ಲೇ ಓದಿ. ಯಾರೋ ಹೇಳಿದರು ಅಂತ ನಂಬಬೇಡಿ. ನನ್ನನ್ನೂ ಸೇರಿಸಿ.

ಡಲ್ಲಾಸ್_ದಾವಣಗೆರೆ
ನಾನು ಟೆಕ್ಸಾಸ್‌ನಲ್ಲಿದ್ದೇನೆ, ಮಗ ಇಲ್ಲಿ ಎಎಯು ಅನ್ನುವ ಹವ್ಯಾಸಿ ಕ್ರೀಡಾ ಸಂಸ್ಥೆಯ ಕ್ಲಬ್ಬಿನಲ್ಲಿ ಆಡುತ್ತಾನೆ, ಹದಿನಾರರೊಳಗಿನ ತಂಡ. ಇಲ್ಲಿ ಎಲ್ಲ ಸರಿ ಇದೆ ಅಂದುಕೊಂಡಿದ್ದರೆ ತಲೆಯಿಂದ ತೆಗೆದುಹಾಕಿ. ಇದೇ ರೋಗ, ಡಾಲರ್ ಲೆಕ್ಕದಲ್ಲಿ.

ಸ್ಕೂಲ್ ಸೀಸನ್ ಮುಗಿದ ಮೇಲೆ ವಸಂತ, ಬೇಸಿಗೆ ಪೂರ್ತಿ ಕ್ಲಬ್ ಆಟ. ಶನಿವಾರ ಭಾನುವಾರ ಎರಡು ದಿನಕ್ಕೆ ನಾಲ್ಕೈದು ಮ್ಯಾಚ್. ವಾರದಲ್ಲಿ ಪ್ರಾಕ್ಟೀಸ್ ಎರಡೇ ದಿನ. ಕಲಿಯುವುದು ಯಾವಾಗ? ಕಾಲೇಜು ಕೋಚ್‌ಗಳು ಬಂದು ನೋಡಲು ಎನ್‌ಸಿಎಎ (ಇಲ್ಲಿನ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ) ಕೆಲವು ವಾರಾಂತ್ಯಗಳನ್ನು ಗೊತ್ತು ಮಾಡಿರುತ್ತದೆ, ಜುಲೈನಲ್ಲಿ ಮುಖ್ಯ. ಆ ದಿನ ಎಂಟು ಕೋರ್ಟಿನಲ್ಲಿ ಒಟ್ಟಿಗೆ ಆಟ, ಪಕ್ಕದಲ್ಲಿ ಕೋಚ್‌ಗಳು ಮಡಚುವ ಕುರ್ಚಿಯಲ್ಲಿ ಸಾಲಾಗಿ ಕೂತಿರುತ್ತಾರೆ. ಪ್ರತಿ ಮಗುವಿಗೂ ತಾನೇ ಶೂಟ್ ಮಾಡಬೇಕು. ಪಾಸ್ ಅನ್ನುವುದೇ ಮರೆತುಹೋಗುತ್ತದೆ. ನಮ್ಮ ಹೋಟೆಲ್, ಪೆಟ್ರೋಲ್, ಕ್ಲಬ್ ಫೀಸು ಸೇರಿಸಿ ಹೆಂಡತಿ ಒಂದು ಸಲ ಲೆಕ್ಕ ಹಾಕಿದಳು. ಎರಡನೇ ಸಲ ಹಾಕಬೇಡ ಅಂದೆ.

ಇಷ್ಟೆಲ್ಲ ಮಾಡಿ, ಹೈಸ್ಕೂಲಿನಲ್ಲಿ ಆಡುವ ನೂರು ಮಕ್ಕಳಲ್ಲಿ ಎನ್‌ಸಿಎಎ ಕಾಲೇಜು ತಂಡ ಸೇರುವುದು ಮೂರ್ನಾಲ್ಕು ಜನ. ಅದರಲ್ಲೂ ಕೆಳಗಿನ ಮಟ್ಟವಾದ ಡಿವಿಷನ್ ಮೂರರಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ಪೇ ಇಲ್ಲ. ಇದನ್ನು ನಮ್ಮ ಕ್ಲಬ್ಬಿನವರು ಮೊದಲ ಮೀಟಿಂಗಿನಲ್ಲಿ ಹೇಳಲಿಲ್ಲ. ಎರಡನೇ ವರ್ಷ ಇನ್ನೊಬ್ಬ ಅಪ್ಪ ಪಾರ್ಕಿಂಗಿನಲ್ಲಿ ಹೇಳಿದರು.

ಹಾಸನದ_ಹುಡುಗಿ
ಇಲ್ಲಿಂದ ನೇರ ಅಮೆರಿಕಾ ಕಾಲೇಜಿಗೆ ಹೋಗಲು ಆಗುತ್ತಾ ಅಣ್ಣ?

ಡಲ್ಲಾಸ್_ದಾವಣಗೆರೆ
ಹೋದವರಿದ್ದಾರೆ ತಂಗಿ. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಝೋನಾ ಯೂನಿವರ್ಸಿಟಿಗೆ ಆಡಿದರು, ಅದು ಡಿವಿಷನ್ ಒಂದು, ಎಲ್ಲಕ್ಕಿಂತ ಮೇಲಿನ ಮಟ್ಟ. ಆದರೆ ಆಟ ಒಂದೇ ಸಾಲದು. ಎನ್‌ಸಿಎಎಗೆ ಹೈಸ್ಕೂಲಿನ 16 ಮುಖ್ಯ ವಿಷಯಗಳ ಅಂಕ ಬೇಕು, ಒಂಬತ್ತನೇ ಕ್ಲಾಸಿನಿಂದಲೇ ಲೆಕ್ಕ ಶುರು. ಮಾರ್ಕ್ಸ್ ಕಾರ್ಡ್ ಜೋಪಾನ. "ಓದು ಮೊದಲು" ಸಾಹೇಬರು ಇಲ್ಲಿ ಗೆದ್ದರು.

ಓದು_ಮೊದಲು
ಧನ್ಯವಾದ. ಸ್ಕ್ರೀನ್‌ಶಾಟ್ ತೆಗೆದಿಟ್ಟೆ.

ಗೋಡೆಗೆ_ಚೆಂಡು
ಯಾರೂ ವಯಸ್ಸಿನ ವಿಷಯ ಎತ್ತಲಿಲ್ಲವಲ್ಲ? ಹದಿನಾರರೊಳಗಿನ ಟೂರ್ನಿಯಲ್ಲಿ ಗಡ್ಡ ಬೋಳಿಸಿಕೊಂಡು ಬಂದವರ ಎದುರು ನನ್ನ ಮಗ ಆಡಿದ್ದಾನೆ. ಎದುರು ತಂಡದ ಸೆಂಟರ್ ಮ್ಯಾಚ್ ಮುಗಿದ ಮೇಲೆ ಬೈಕ್ ಹತ್ತಿ ಹೋದ. ಕೇಳಿದರೆ ಬರ್ತ್ ಸರ್ಟಿಫಿಕೇಟ್ ತೋರಿಸುತ್ತಾರೆ, ಅದು ಸರಿಯಾಗೇ ಇರುತ್ತದೆ!

ಪಿಟಿ_ಮೇಷ್ಟ್ರು
ಅದಕ್ಕೆ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆ ವಯಸ್ಸು ನೋಡುವ ಪರೀಕ್ಷೆ ಇದೆ. ಆದರೆ ಅದೂ ಅಂದಾಜೇ. ಬೇಗ ಬೆಳೆದ ನಿಜವಾದ ಮಗುವೂ ಅದರಲ್ಲಿ ಸಿಕ್ಕಿಬೀಳಬಹುದು. ಈ ಮಾತು ಇಲ್ಲಿಗೆ ಬಿಡೋಣ, ಶುರುವಾದರೆ ಮುಗಿಯಲ್ಲ.

ಮಂಡಿ_ನೋವು_ಮೇಡಂ
ನಾನು ಫಿಸಿಯೊ. ಗಾರ್ಡ್ ಆಡಿಸಿ, ಎಡಗೈ ಕಲಿಸಿ ಅಂತೆಲ್ಲ ಹೇಳುವ ಮೊದಲು ಒಂದು ಮಾತು. ಹುಡುಗರಿಗಿಂತ ಹುಡುಗಿಯರಲ್ಲಿ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಅನ್ನುವ ಕಟ್ಟು ಹರಿಯುವುದು ಜಾಸ್ತಿ. ಬಹಳ ಸಲ ಯಾರೂ ಗುದ್ದಿರುವುದಿಲ್ಲ. ಹಾರಿ ಇಳಿಯುವಾಗ, ಓಡುತ್ತಾ ಗಕ್ಕನೆ ತಿರುಗುವಾಗ ಆಗುತ್ತದೆ. ರಿಂಗ್ ಕೆಳಗೆ ನಿಂತು ಆಡಿದವಳನ್ನು ಒಮ್ಮೆಲೇ ಹೊರಗೆ ಓಡಿಸಿದರೆ ಕಾಲು ತಯಾರಿರುವುದಿಲ್ಲ. ಅದೂ ನಮ್ಮ ಸಿಮೆಂಟ್ ಕೋರ್ಟಿನಲ್ಲಿ. ಮಂಡಿ ಬಗ್ಗಿಸಿ, ಮಂಡಿಗಳು ಒಳಗೆ ಬೀಳದ ಹಾಗೆ ಇಳಿಯುವುದನ್ನು ಕಲಿಸಿ. ದಿನಾ ಹದಿನೈದು ನಿಮಿಷ ಸಾಕು. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಒಬ್ಬರಿಗೂ ಇದನ್ನು ಕ್ಲಬ್ಬಿನಲ್ಲಿ ಯಾರೂ ಕಲಿಸಿರಲಿಲ್ಲ. ಎರಡು ರೌಂಡ್ ಓಡಿ, ಕೈ ತಿರುಗಿಸಿ, ಮ್ಯಾಚ್ ಶುರು.

ಕೋರ್ಟ್_ಕಸ_ಗುಡಿಸಿದವ
ಇದು ಒಪ್ಪಬೇಕಾದ ಮಾತು ಮೇಡಂ. ನಾನೂ ಎರಡು ರೌಂಡ್ ಓಡಿಸುವವನೇ. ನಾಳೆಯಿಂದ ಬದಲಾಯಿಸುತ್ತೇನೆ. ವಿಡಿಯೊ ಇದ್ದರೆ ಕಳಿಸಿ.

ಕಂಠೀರವ_ಗ್ಯಾಲರಿ
2017ರಲ್ಲಿ ಕಂಠೀರವ ಒಳಾಂಗಣದಲ್ಲಿ ಮಹಿಳಾ ಏಷ್ಯಾ ಕಪ್ ನಡೆಯಿತು, ಬಿ ಡಿವಿಷನ್ ಫೈನಲ್‌ನಲ್ಲಿ ನಮ್ಮವರು ಕಜಕಸ್ತಾನವನ್ನು 75-73ರಲ್ಲಿ ಸೋಲಿಸಿದರು. ನಾನು ಗ್ಯಾಲರಿಯಲ್ಲಿದ್ದೆ. ಗಂಟಲು ಮೂರು ದಿನ ಕೂತುಹೋಗಿತ್ತು. ಚರ್ಚೆಗೆ ಸಂಬಂಧ ಇಲ್ಲ, ಕಂಠೀರವ ಮರದ ಕೋರ್ಟು ಅಂತ ನೆನಪಾಯಿತು.

ಮಂಡ್ಯದ_ಹಳೇ_ಗಾರ್ಡ್
ಸಂಬಂಧ ಇಲ್ಲದಿದ್ದರೂ ಸಾಯೋವರೆಗೂ ಹೇಳು ಅಣ್ಣ. ನಾನು ಟಿಕೆಟ್ ಇದ್ದೂ ಹೋಗಲಿಲ್ಲ, ತಂಗಿ ಮದುವೆ ಮಾತುಕತೆ ಇತ್ತು.

ಅಕ್ಕ, ನಿಮ್ಮ ಪ್ರಶ್ನೆಗೆ ನೇರ ಉತ್ತರ. ಕ್ಲಬ್ ಬಿಡಬೇಡಿ. ಎಸ್ಸೆಸ್ಸೆಲ್ಸಿ ಮಧ್ಯದಲ್ಲಿ ಹೊಸ ಜಾಗ, ಹೊಸ ಜನ ಬೇಡ. ಕೋಚ್ ಹತ್ತಿರ ಒಬ್ಬರೇ ಹೋಗಿ ಕೂತು ಮಾತಾಡಿ. "ನೀವು ಹಾಳು ಮಾಡಿದಿರಿ" ಅಂತ ಶುರು ಮಾಡಬೇಡಿ. "ಸರ್, ಟ್ರಯಲ್‌ನಲ್ಲಿ ಹೀಗಾಯಿತು, ಏನು ಮಾಡೋಣ" ಅನ್ನಿ. ಅವರೂ ಒಂದು ಕಾಲದಲ್ಲಿ ಆಡಿದವರೇ.

ಮನೆಯಲ್ಲಿ ಕೆಲಸ: ಹಲ್ಲುಜ್ಜುವುದು ಎಡಗೈಲಿ. ತಮಾಷೆ ಅಲ್ಲ, ನನ್ನ ಕೋಚ್ ಮಾಡಿಸಿದ್ದರು. ಅಂಗಡಿಗೆ ಹೋಗುವಾಗ ಎಡಗೈಲಿ ಚೆಂಡು ಬಡಿಯುತ್ತಾ ಹೋಗಬೇಕು, ಬರುವಾಗ ಬಲಗೈಲಿ ಹಾಲು. ಚೆಂಡು ನೋಡಬಾರದು, ರೋಡ್ ನೋಡಬೇಕು. ಆರು ತಿಂಗಳು.

ಗೋಡೆಗೆ_ಚೆಂಡು
ಪಕ್ಕದ ಮನೆಯವರು ಏನಂತಾರೆ?

ಮಂಡ್ಯದ_ಹಳೇ_ಗಾರ್ಡ್
ನಮ್ಮ ಪಕ್ಕದ ಮನೆ ಅಜ್ಜಿ ಚೆಂಡು ಕಿತ್ತುಕೊಂಡು ಅಕ್ಕಿ ಡಬ್ಬದಲ್ಲಿ ಮುಚ್ಚಿಟ್ಟಿದ್ದರು. ಹಬ್ಬಕ್ಕೆ ವಾಪಸ್ ಕೊಟ್ಟರು, ಹೋಳಿಗೆ ಜೊತೆ.

ವಿಟಿಯು_ಬೆಂಚು_ನಂ_12
ನಾನು ಒಪ್ಪಲ್ಲ. ಮಾತಾಡಿದರೆ ಕೋಚ್ ಹೂಂ ಅನ್ನುತ್ತಾರೆ, ಫೈನಲ್ ಬಂದರೆ ಮತ್ತೆ ಸೆಂಟರ್. ನನಗೆ ಹಾಗೇ ಆಗಿತ್ತು. ಮೂರು ಜನ ಮೂರು ಜನ ಆಡುವ ಟೂರ್ನಿಗೆ ಸೇರಿಸಿ. ಅರ್ಧ ಕೋರ್ಟು, ಹತ್ತು ನಿಮಿಷ ಇಲ್ಲಾ 21 ಪಾಯಿಂಟ್, ಶೂಟ್ ಮಾಡಲು 12 ಸೆಕೆಂಡು. ಬದಲಿ ಒಬ್ಬರೇ. ಅಡಗಿಕೊಳ್ಳಲು ಜಾಗವೇ ಇಲ್ಲ, ಎಲ್ಲರೂ ಡ್ರಿಬಲ್ ಮಾಡಬೇಕು, ಎಲ್ಲರೂ ಹೊರಗಿನಿಂದ ಹಾಕಬೇಕು. ಪಕ್ಕದಿಂದ ಕೋಚ್ ಕೂಗುವ ಹಾಗೂ ಇಲ್ಲ, ನಿಯಮವೇ ಹಾಗಿದೆ! ನನ್ನ ಎಡಗೈ ಬಂದದ್ದು ಅಲ್ಲೇ.

ಡಲ್ಲಾಸ್_ದಾವಣಗೆರೆ
ಇದು ಒಳ್ಳೆಯ ಸಲಹೆ. ಸೋತರೂ ಫ್ರಿಜ್‌ಗೆ ಭಾರ ಇಲ್ಲ.

ಹಾಸನದ_ಹುಡುಗಿ
ಎಲ್ಲರೂ ಅಮ್ಮನಿಗೆ ಹೇಳುತ್ತಿದ್ದೀರಿ. ಅವಳನ್ನು ಯಾರಾದರೂ ಕೇಳಿದಿರಾ? ಅವಳಿಗೆ ಗಾರ್ಡ್ ಆಡಲು ಇಷ್ಟ ಇದೆಯಾ? ನಾನೂ ಸೆಂಟರ್. ಒಂದು ಬ್ಲಾಕ್ ಮಾಡಿದಾಗ ಬರುವ ಮಜಾ ಬೇರೆ ಯಾವುದರಲ್ಲೂ ಇಲ್ಲ.

ಸರಸ್ವತಿಪುರಂ_ಅಮ್ಮ
ಕೇಳಿರಲಿಲ್ಲ ಕಣಮ್ಮ. ನೀನು ಹೇಳಿದ ಮೇಲೆ ಇವತ್ತು ಕೇಳಿದೆ. "ಏಳನೇ ಕ್ಲಾಸ್ ತನಕ ನಾನೇ ಅಲ್ವಾ ಚೆಂಡು ತರುತ್ತಿದ್ದದ್ದು, ನಿನಗೆ ನೆನಪಿಲ್ವಾ?" ಅಂದಳು. ನಿಜವಾಗಿ ನನಗೆ ನೆನಪಿರಲಿಲ್ಲ.

*(ಮೂರು ವಾರದ ನಂತರ)*

ಸರಸ್ವತಿಪುರಂ_ಅಮ್ಮ
ಬರೆಯಬೇಕು ಅಂದುಕೊಂಡು ತಡ ಆಯಿತು, ಮಿಡ್ ಟರ್ಮ್ ಇತ್ತು.

ಕೋಚ್ ಹತ್ತಿರ ಹೋಗಿ ಮಾತಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನಗೂ ಗೊತ್ತಿತ್ತು ಮೇಡಂ, ಬೇರೆ ಎತ್ತರದ ಹುಡುಗಿ ಇರಲಿಲ್ಲ" ಅಂದರು. ಬೆಳಿಗ್ಗೆ ಅರ್ಧ ಗಂಟೆ ಮೊದಲು ಕರೆಸಿ ಕುರ್ಚಿಗಳ ಮಧ್ಯೆ ಡ್ರಿಬಲ್ ಮಾಡಿಸುತ್ತಿದ್ದಾರೆ. ಫಿಸಿಯೊ ಮೇಡಂ ಹೇಳಿದ ಇಳಿಯುವ ಅಭ್ಯಾಸವನ್ನು ಇಡೀ ತಂಡಕ್ಕೆ ಹೇಳಿಕೊಟ್ಟರು.

ಮೊನ್ನೆ ಭಾನುವಾರ ಒಂದು ಲೀಗ್ ಮ್ಯಾಚಿನಲ್ಲಿ ಎರಡನೇ ಕ್ವಾರ್ಟರ್ ಪೂರ್ತಿ ಅವಳನ್ನೇ ಗಾರ್ಡ್ ಆಡಿಸಿದರು. ಹತ್ತು ನಿಮಿಷದಲ್ಲಿ ಐದು ಸಲ ಚೆಂಡು ಕಳೆದಳು. ನಾವು ಹನ್ನೊಂದು ಪಾಯಿಂಟ್‌ನಲ್ಲಿ ಸೋತೆವು. ನನ್ನ ಹಿಂದೆ ಕೂತಿದ್ದ ಒಬ್ಬರು ಕೇಳಿಸುವ ಹಾಗೇ ಹೇಳಿದರು, "ಯಾಕೆ ಇವಳನ್ನು ಹೊರಗೆ ಆಡಿಸುತ್ತಾರೋ, ಅಮ್ಮ ಏನಾದರೂ ಹೇಳಿರಬೇಕು." ನಾನು ತಿರುಗಿ ನೋಡಲಿಲ್ಲ.

ಆದರೆ ಒಂದು ಸಲ, ಒಂದೇ ಸಲ, ಎಡಗೈಲಿ ಇಬ್ಬರನ್ನು ದಾಟಿ ರಿಂಗ್ ಹತ್ತಿರಕ್ಕೇ ಹೋಗಿ ಲೇಅಪ್ ಹಾಕಿದಳು. ಮನೆಗೆ ಬಂದು ನಾಲ್ಕು ಮಸಾಲೆ ದೋಸೆ ತಿಂದಳು.

ಕೋರ್ಟ್_ಕಸ_ಗುಡಿಸಿದವ
ನಿಮ್ಮ ಕೋಚ್‌ಗೆ ನನ್ನ ನಮಸ್ಕಾರ ಹೇಳಿ. ಸೋತ ರಾತ್ರಿ ಅವರಿಗೆ ಎಷ್ಟು ಫೋನ್ ಬಂದಿರುತ್ತದೆ ಅಂತ ನನಗೆ ಗೊತ್ತು.

ಓದು_ಮೊದಲು
ಮಿಡ್ ಟರ್ಮ್ ಹೇಗಾಯಿತು?

ಮಂಡ್ಯದ_ಹಳೇ_ಗಾರ್ಡ್
ನಾಲ್ಕು ದೋಸೆ! ಎಡಗೈಲಿ ತಿಂದಳಾ ಬಲಗೈಲಾ?